ಪದಕದ ಮೇಲೆ ಶಾಲು ಹೊದಿಸುವ ಕ್ರಮ

ಕೊಡಗಿನಲ್ಲಿ ಯೋಧರನ್ನು ಸನ್ಮಾನಿಸಲು ದಿನಗಳಿಗೇನೂ ಬರವಿಲ್ಲ. ಜನವರಿ 14ಕ್ಕೆ ಮಾಜಿ ಯೋಧರ ದಿನ, ಮರುದಿನವೇ ಸೇನಾ ದಿನ, 28ಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಜಯಂತಿ, ಮಾರ್ಚ್ 31ಕ್ಕೆ ಜನರಲ್ ತಿಮ್ಮಯ್ಯ ಜಯಂತಿ, ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7ಕ್ಕೆ ಧ್ವಜ ದಿನ, 16ಕ್ಕೆ ವಿಜಯ ದಿವಸ. ಆಹ್ವಾನ ಪತ್ರಿಕೆಯಲ್ಲಿ ದಿನಾಂಕ ತಿದ್ದಿದರೆ ಸಾಕು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫಲಕ ಎಂಬ ಪಂಚಾಂಗದಲ್ಲಿ ಬದಲಾವಣೆ ಇರುವುದಿಲ್ಲ.

ಮೊದಲು ಅಳತೆ ನೋಡೋಣ. ಸೇನೆಯ ಪದಕವೊಂದರ ವ್ಯಾಸ ಸುಮಾರು 36 ಮಿಲಿಮೀಟರ್, ರಿಬ್ಬನ್ನಿನ ಅಗಲ ಸುಮಾರು 32. ಇಡೀ ಸೇವಾವಧಿಯಲ್ಲಿ ಗಳಿಸಿದ ಐದಾರು ಪದಕಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಪಟ್ಟಿಗೆ ಜೋಡಿಸಿದರೆ ಎಲ್ಲವೂ ಒಂದು ಗೇಣಿನೊಳಗೆ ಮುಗಿಯುತ್ತದೆ. ಸಂಘದವರು ಕೊಡುವ ಫಲಕವೋ ಒಂದೂವರೆ ಅಡಿ. ಅದರಲ್ಲಿ ಅಧ್ಯಕ್ಷರು, ಗೌರವಾಧ್ಯಕ್ಷರು, ಪ್ರಾಯೋಜಕರು ಎಲ್ಲರೂ ನೆಲೆಸಿದ ಮೇಲೆ ಉಳಿದ ಜಾಗದಲ್ಲಿ ಯೋಧರ ಹೆಸರು.

ಈಗ ಹೊದಿಸುವ ಕ್ರಮ. ಕೊಡವರ ಉಡುಪಾದ ಕುಪ್ಯ-ಚೇಲೆ ಉಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ಎಡ ಎದೆಗೆ ಪದಕ ಧರಿಸಿ ಬಂದ ಹಿರಿಯರ ಮೇಲೆ ಜರಿಯಂಚಿನ ಶಾಲನ್ನು ಎಡಭುಜದಿಂದಲೇ ಇಳಿಬಿಡಬೇಕು. ಪದಕ ಮುಚ್ಚಿತು. ಜರಿಯ ಎಳೆ ಪದಕದ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಜಗ್ಗಿದರೆ ರಿಬ್ಬನ್ ಹೊಲಿಗೆ ಬಿಚ್ಚುತ್ತದೆ. ಅದರ ಮೇಲೆ ನೀರು ಚಿಮುಕಿಸಿ ತಾಜಾ ಇಟ್ಟ ಗುಲಾಬಿ ಹಾರ. ಕಾರ್ಗಿಲ್ ದಿನದಂದು ಈ ನೀರೂ ಬೇಡ, ಜುಲೈ ಕೊನೆಯ ಮಡಿಕೇರಿಯಲ್ಲಿ ಶಾಮಿಯಾನವೇ ಅದನ್ನು ಒದಗಿಸುತ್ತದೆ. ಒದ್ದೆಯಾದ ಹಳೆಯ ರಿಬ್ಬನ್ನಿನ ಕೆಂಪು, ಪಕ್ಕದ ಬಿಳಿಪಟ್ಟೆಗೆ ಇಳಿಯುತ್ತದೆ. ಆಮೇಲೆ ಅದು ಯಾವ ಯುದ್ಧದ್ದೆಂದು ಬಣ್ಣ ನೋಡಿ ಹೇಳುವವರೇ ತಬ್ಬಿಬ್ಬು. ಶಾಲನ್ನು ಮಡಿಸಿ ಕೈಗೆ ಕೊಡಬಾರದೆಂದು ಯಾವ ಕಾನೂನೂ ಇಲ್ಲ. ಆದರೆ ಹಾಗೆ ಕೊಟ್ಟರೆ ಹೊದಿಸುವವರ ಎರಡೂ ಕೈ ಫೋಟೊದಲ್ಲಿ ಬರುವುದಿಲ್ಲವಲ್ಲ.

ಯೋಧರು ತೀರಿಕೊಂಡಿದ್ದರೆ ಪತ್ನಿಯೋ ಮಗನೋ ಪದಕಗಳನ್ನು ಬಲ ಎದೆಗೆ ಧರಿಸಬೇಕು. ಎಡ ಎದೆ, ಗಳಿಸಿದವರ ಜಾಗ. ವೇದಿಕೆಯಲ್ಲಿ ಇದನ್ನು ಹೇಳಿದರೆ, ‘ಎಡಕ್ಕೇ ಇರಲಿ, ಕ್ಯಾಮೆರಾ ಆ ಕಡೆ ಇದೆ’ ಎಂಬ ಉತ್ತರಕ್ಕೆ ಸಿದ್ಧರಿರಬೇಕು.

ನಿಜವಾದ ಅನಾಹುತ ನಡೆಯುವುದು ಸಮಾರಂಭದ ಹಿಂದಿನ ರಾತ್ರಿ. ‘ಪದಕಗಳನ್ನು ಹೊಳೆಯುವಂತೆ ಶುಚಿಗೊಳಿಸಿ ಧರಿಸಿ ಬರತಕ್ಕದ್ದು’ ಎಂಬ ಸೂಚನೆ ತಲುಪಿದ ಕೂಡಲೇ ಮನೆಯಲ್ಲಿ ಹುಣಸೆಹಣ್ಣು, ಹಲ್ಲಿನ ಪೇಸ್ಟ್, ಹಿತ್ತಾಳೆ ಪಾಲಿಶ್ ಹೊರಬರುತ್ತವೆ. ಇವುಗಳಲ್ಲಿ ಇರುವುದು ಆಮ್ಲ ಇಲ್ಲವೇ ಉಜ್ಜುಪುಡಿ, ಎರಡೂ ಲೋಹವನ್ನೇ ತಿನ್ನುತ್ತವೆ. ಮೊದಲು ಸವೆಯುವುದು ಅಂಚು. ಮೊದಲ ಮಹಾಯುದ್ಧದ ಬೆಳ್ಳಿ ಪದಕದ ಅಂಚಿನಲ್ಲೇ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಡೆ ಅಚ್ಚಾಗಿರುವುದು. ಎರಡನೇ ಮಹಾಯುದ್ಧದ ನಕ್ಷತ್ರಾಕಾರದ ಪದಕಗಳಾದ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್‌ಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಹಂಚಿತು. ಭಾರತೀಯ ಸೈನಿಕರ ನಕ್ಷತ್ರಗಳ ಬೆನ್ನಿಗೋ ಹೆಸರು ಹಾಕಿದರು. ಅಪರೂಪಕ್ಕೆ ನಮಗೆ ಸಿಕ್ಕ ಈ ಹೆಚ್ಚುಗಾರಿಕೆಯನ್ನು ನಾವು ಹುಣಸೆಹಣ್ಣು ಹಾಕಿ ಸರಿಪಡಿಸುತ್ತಿದ್ದೇವೆ.

ಬೆಳ್ಳಿಯ ಮೇಲಿನ ಕಪ್ಪು, ಗಾಳಿಯಲ್ಲಿನ ಗಂಧಕ ಸೇರಿ ಆದ ತೆಳು ಪದರ. ಅದನ್ನು ಹಾಗೇ ಬಿಡಿ. ಕಂಚಿನ ಕಂದುಬಣ್ಣವೂ ಇರಲಿ. ಹೆದರಬೇಕಾದದ್ದು ಕಂಚಿನ ಮೇಲೆ ತಿಳಿಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಎದ್ದು, ಒರೆಸಿದರೂ ಮತ್ತೆ ಬಂದರೆ. ಅದು ಉಪ್ಪಿನಲ್ಲಿರುವ ಕ್ಲೋರೈಡ್ ಕೆಲಸ. ಆ ಪದಕವನ್ನು ಬೇರೆ ಮಾಡಿ, ಒಣಗಿರುವಂತೆ ಇಟ್ಟು, ಸಂರಕ್ಷಣೆ ಬಲ್ಲವರಿಗೆ ತೋರಿಸಬೇಕು. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸುವಾಗ ಪಕ್ಕದಲ್ಲಿ ಅಜ್ಜನ ಪದಕವನ್ನೂ ಇಡುವುದು ಚಂದವೇ. ಆದರೆ ಕೋವಿಗೆ ಹಚ್ಚಿದ ಎಣ್ಣೆಯ ಬಟ್ಟೆ ಪದಕಕ್ಕೆ ಬೇಡ, ಕುಂಕುಮವನ್ನು ರಿಬ್ಬನ್ನಿನಿಂದ ದೂರ ಇಡಿ. ಆ ಕಲೆ ಮುಂದಿನ ಹಬ್ಬಕ್ಕೂ ಇರುತ್ತದೆ.

ಇಡುವ ವಿಷಯದಲ್ಲೂ ನಮ್ಮದು ಸನ್ಮಾನದ್ದೇ ಶೈಲಿ: ಹಾಲ್‌ನಲ್ಲಿ ಪ್ಲೈವುಡ್ ಶೋಕೇಸ್, ಒಳಗೆ ಕೆಂಪು ಮಖಮಲ್ಲು, ಪದಕಗಳ ಬೆನ್ನಿಗೆ ಅಂಟು, ಎದುರಿಗೆ ಕಿಟಕಿ. ಪ್ಲೈವುಡ್ ಮತ್ತು ಅಂಟು ಆಮ್ಲದ ಆವಿ ಬಿಡುತ್ತವೆ, ಬಿಸಿಲು ರಿಬ್ಬನ್ನನ್ನು ಸುಡುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಪಿವಿಸಿ ಆಲ್ಬಮ್ಮೂ ರಬ್ಬರ್ ಬ್ಯಾಂಡೂ ಇದೇ ಜಾತಿಯವು. ಒಂದು ಕ್ಲೋರೈಡ್ ಬಿಡುತ್ತದೆ, ಇನ್ನೊಂದು ಗಂಧಕ.

ಮಾಡಬೇಕಾದದ್ದು ಫೋಟೊಗೆ ಒಗ್ಗದಷ್ಟು ಸಪ್ಪೆ. ನೈಟ್ರೈಲ್ ಕೈಗವಸು ಹಾಕಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎರಡೂ ಮುಖಗಳ ಚಿತ್ರ ತೆಗೆಯಿರಿ. ಅಂಚನ್ನು ಓರೆ ಬೆಳಕಿನಲ್ಲಿ ತಿರುಗಿಸುತ್ತಾ ಅಕ್ಷರ ಅಕ್ಷರ ಬರೆದುಕೊಳ್ಳಿ. ಬ್ರಿಟಿಷ್ ಗುಮಾಸ್ತ ಮನೆ ಹೆಸರನ್ನು ಕೆಡಿಸಿ ಬರೆದಿದ್ದರೂ ತಿದ್ದಬೇಡಿ, ದಾಖಲೆಯಲ್ಲಿ ಹುಡುಕಲು ಆ ತಪ್ಪೇ ಬೇಕು. ಒಂದೊಂದನ್ನೂ ಆಮ್ಲರಹಿತ ಟಿಶ್ಯೂನಲ್ಲಿ ಸುತ್ತಿ, ಪ್ರತ್ಯೇಕ ಪಾಲಿಪ್ರೊಪಿಲಿನ್ ಚೀಲದಲ್ಲಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ತುಂಬಿದೆ ಎಂದರ್ಥ. 120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮಳೆಗಾಲದಲ್ಲಿ ಇದನ್ನು ಆಗಾಗ ನೋಡುತ್ತಿರಬೇಕು. ಹರಿದ ಹಳೆಯ ರಿಬ್ಬನ್ನನ್ನು ಒಗೆಯಬೇಡಿ, ಎಸೆಯಬೇಡಿ. ಸಭೆಗೆ ಪ್ರತಿಕೃತಿ ಧರಿಸಿ ಹೋಗಿ, ಹೇಗೂ ಶಾಲಿನಡಿ ಯಾರಿಗೂ ಕಾಣುವುದಿಲ್ಲ.

ದಾಖಲೆಯ ಬೆಲೆ ಗೊತ್ತಾಗಬೇಕಿದ್ದರೆ ಮಡಿಕೇರಿಯ ವೃತ್ತದಲ್ಲಿ ಹೆಸರಾಗಿ ನಿಂತಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರು ತಮ್ಮ ಮಿಸ್ಟೇರ್ ವಿಮಾನದಿಂದ ಎದುರಾಳಿಯ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿ ಮಡಿದರು. ಆ ಸಂಗತಿ ನಮಗೆ ತಿಳಿದದ್ದು ವರ್ಷಗಳ ನಂತರ, ಪಾಕಿಸ್ತಾನದ ಕಡೆಯ ವಿವರಗಳು ಹೊರಬಿದ್ದ ಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಎದುರಾಳಿಯ ಕಡೆಯವರಾದರೂ ಬರೆದಿಟ್ಟಿದ್ದರಲ್ಲ!

ನಮ್ಮ ಸಮಿತಿಗಳ ಕಾಗದದ ನಿಷ್ಠೆ ಬೇರೆಯದೇ. ಸೇವಾ ಬಿಡುಗಡೆ ಪತ್ರ ಕೇಳುತ್ತಾರೆ, ಮಡಿಕೆ ಬಿಟ್ಟಿದ್ದರೆ ‘ಲ್ಯಾಮಿನೇಷನ್ ಮಾಡಿಸಿ ತನ್ನಿ’ ಎನ್ನುತ್ತಾರೆ. ಕಾವಿನಲ್ಲಿ ಕಾಗದಕ್ಕೆ ಕೂತ ಪ್ಲಾಸ್ಟಿಕ್ಕನ್ನು ಹಾನಿಯಿಲ್ಲದೆ ಬಿಡಿಸುವುದು ಬಹುತೇಕ ಆಗದ ಮಾತು, ಒಳಗಿನ ಶಾಯಿ ಮಂಕಾಗುವುದನ್ನು ನೋಡುತ್ತಾ ಕೂರಬೇಕು. ಪಾಲಿಯೆಸ್ಟರ್ ಹೊದಿಕೆಯಲ್ಲಿ ಸುಮ್ಮನೆ ತೂರಿಸಿಟ್ಟರೆ ಸಾಕಿತ್ತು. ಮುಂದಿನ ವರ್ಷದ ಸನ್ಮಾನಕ್ಕೆ ಅರ್ಜಿ ಹಾಕಿದರೆ ಮರುಟಪಾಲಿನಲ್ಲಿ ಆಕ್ಷೇಪಣೆ ಬರುತ್ತದೆ: ಪತ್ರದ ಬರಹ ಓದಲಾಗುತ್ತಿಲ್ಲ, ಪದಕದ ಅಂಚಿನಲ್ಲಿ ಹೆಸರಿಲ್ಲ. ಆದ್ದರಿಂದ ಸದರಿ ಯೋಧರು ಇವರೇ ಎಂಬುದಕ್ಕೆ ಕಳೆದ ವರ್ಷ ನಾವು ನೀಡಿದ ಫಲಕದ ಜೆರಾಕ್ಸ್ ಪ್ರತಿ ಲಗತ್ತಿಸತಕ್ಕದ್ದು.