20 ಮೆಗಾಪಿಕ್ಸೆಲ್ ಎಲ್ಲ ಒಂದೇ ಅಲ್ಲ: ಸ್ಪಷ್ಟನೆ

‘ಅಗ್ಗದ್ದು, ದುಬಾರಿಯದು ಎರಡೂ 20 ಮೆಗಾಪಿಕ್ಸೆಲ್, ದರೋಜಿ ಕರಡಿಧಾಮಕ್ಕೆ ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾ ಸಾಕು’ ಎಂಬ ಸಂದೇಶ ಬಳ್ಳಾರಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ 1/2.3 ಇಂಚಿನ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ) ಸುಮಾರು 6.2×4.6 ಮಿ.ಮೀ.; ದುಬಾರಿಯವುಗಳಲ್ಲಿನ ‘1 ಇಂಚಿನದು’ 13.2×8.8 ಮಿ.ಮೀ. (ಹಳೆಯ ವಿಡಿಯೊ ಟ್ಯೂಬಿನಿಂದ ಬಂದ ಹೆಸರು, ನಿಜವಾದ ಇಂಚಲ್ಲ). ವಿಸ್ತೀರ್ಣ ನಾಲ್ಕು ಪಟ್ಟು. ಅಪರ್ಚರ್ (ಲೆನ್ಸಿನ ಕಿಂಡಿಯ f-ಸಂಖ್ಯೆ), ಶಟರ್ ವೇಗ (ಸೆನ್ಸರ್ ಮೇಲೆ ಬೆಳಕು ಬೀಳುವ ಅವಧಿ) ಒಂದೇ ಇದ್ದರೆ ಸಿಗುವ ಒಟ್ಟು ಬೆಳಕೂ ಅಷ್ಟೇ ಪಟ್ಟು. ಕರಡಿಗಳು ಬಂಡೆ ಇಳಿದು ಬರುವುದು ಸಂಜೆಗೆ. ಆ ಮಬ್ಬಿನಲ್ಲಿ ಪುಟ್ಟ ಸೆನ್ಸರ್ ಹಿಡಿದ ಕಪ್ಪು ಕೂದಲು ಕಾಳುಕಾಳಾಗಿ ಕಲಸಿಹೋಗುತ್ತದೆ.

ಹಾಗೆಂದು ಪುಟ್ಟ ಸೆನ್ಸರ್ ದಂಡ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಜೇಬಿಗೆ ಹೋಗುವ 30 ಪಟ್ಟಿನ ಆಪ್ಟಿಕಲ್ ಜೂಮ್ ಸಿಗುವುದು ಅದರಲ್ಲೇ. ಮಧ್ಯಾಹ್ನದ ಬಿಸಿಲಲ್ಲಿ ಬಳ್ಳಾರಿ ಕೋಟೆ ತೆಗೆದು ಮೊಬೈಲಿನಲ್ಲಿ ನೋಡಿದರೆ, ಎರಡರ ವ್ಯತ್ಯಾಸ ಕಾಣುವುದೇ ಕಷ್ಟ.