ವಡೆ ಗೋವಿಂದ

“ಬರೀ ಹದ್ದಾ?” ಅಂದುಬಿಟ್ಟ ಆ ಹುಡುಗ. ಅದೂ ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಜನವರಿಯ ಭಾನುವಾರ ಬೆಳಿಗ್ಗೆ, ಹೆಸರಘಟ್ಟದ ಹುಲ್ಲುಗಾವಲು. ಮಧ್ಯ ಏಷ್ಯಾದಿಂದ ಚಳಿ ಕಳೆಯಲು ಬರುವ ಹ್ಯಾರಿಯರ್ ಎಂಬ ಬೇಟೆ ಹಕ್ಕಿ ನೋಡೋಣವೆಂದು ಏಳು ಜನ ಹೋಗಿದ್ದೆವು. ಆರು ಜನರ ಹತ್ತಿರ ಫಿರಂಗಿಯಂಥ ಲೆನ್ಸು. ನನ್ನ ಒಂದು ಕೈಯಲ್ಲಿ ಹಳೇ ದುರ್ಬೀನು, ಇನ್ನೊಂದರಲ್ಲಿ ಮದ್ದೂರು ವಡೆ. ದೂರದಲ್ಲಿ ಬೂದು ಬಣ್ಣದ್ದೇನೋ ಹುಲ್ಲಿನ ಮೇಲೆ ತೇಲಿತು. “ಅದೇ ಅದೇ” ಅಂದರು. ನಾನೂ ದುರ್ಬೀನು ಎತ್ತಿದೆ.

ಕಿವಿಯ ಪಕ್ಕ ಯಾರೋ ಒಗೆದ ಟವೆಲ್ ಕೊಡವಿದ ಹಾಗಾಯಿತು. ತಿರುಗಿದರೆ ನನ್ನ ಬೆರಳುಗಳ ನಡುವೆ ಹಳದಿ ಕಾಲು. ಮೊಳದಷ್ಟೂ ದೂರವಿಲ್ಲದ ಕಂದು ಕಣ್ಣು, ಅದರ ಹಿಂದೆ ಕಾಡಿಗೆ ಒರೆಸಿದಂಥ ಕಪ್ಪು. ನನ್ನ ಕಡೆ ಅದು ನೋಡಲೇ ಇಲ್ಲ. ನೋಡಿದ್ದು ವಡೆಯನ್ನು. ನನಗೆ ಉಳಿದದ್ದು ಒಂದೆಳೆ ಈರುಳ್ಳಿ, ಹೆಬ್ಬೆರಳ ಮೇಲೊಂದು ಕೆಂಪು ಗೀರು. ಹಾರುತ್ತಲೇ ಕಾಲನ್ನು ಕೊಕ್ಕಿಗೆ ತಂದು ಎರಡು ಸಲ ಕುಕ್ಕಿ, ಬೇಡವೆಂದು ಬಿಸಾಡಿತು. ಕಿತ್ತುಕೊಂಡದ್ದಕ್ಕಿಂತ ಅದೇ ಜಾಸ್ತಿ ನೋವಾಯಿತು.

ಈಗ ಹಕ್ಕಿ ನೋಡುವವರಿಗಿಂತ ಹಕ್ಕಿ ಎಣಿಸುವವರೇ ಜಾಸ್ತಿ. ಫೋಟೋ ಇಲ್ಲದ್ದು ನಡೆದೇ ಇಲ್ಲ. ಅಪರೂಪದ್ದಲ್ಲದಿದ್ದರೆ ಅದು ಹಕ್ಕಿಯೇ ಅಲ್ಲ.

ಹದ್ದಿಗೆ ಈ ಅವಮಾನ ಹೊಸದೇನಲ್ಲ ಬಿಡಿ. ನಮ್ಮೂರಲ್ಲಿ ಗರುಡ ಬಂದು ಸುತ್ತು ಹಾಕಿದ ಮೇಲೇ ತೇರು ಎಳೆಯುವುದು. ನನಗಾಗ ಒಂಬತ್ತು ವರ್ಷ. ಆ ಸಲ ಹನ್ನೆರಡೂವರೆ ದಾಟಿದರೂ ಗರುಡನ ಸುಳಿವಿಲ್ಲ. ಹಗ್ಗ ಹಿಡಿದವರು ಅಂಗಾಲು ಸುಟ್ಟು ಒಂದೊಂದೇ ಕಾಲೆತ್ತಿ ನಿಂತಿದ್ದರು. ಡೋಲಿನವನು ನೆರಳಿಗೆ ಹೋಗಿ ಕೂತಿದ್ದ. ಪಾನಕ ಮುಗಿದು, ಮಜ್ಜಿಗೆಗೆ ಮೂರನೇ ಸಲ ನೀರು ಬಿದ್ದಿತ್ತು. ಆಗ ಗೋಪುರದ ಹಿಂದಿನಿಂದ ಒಂದು ಹಕ್ಕಿ ಎದ್ದಿತು. “ಗರುಡ! ಗರುಡ!” ಕೈಗಳೆಲ್ಲ ಮೇಲೆದ್ದವು. ಅಜ್ಜಿ ಗಲ್ಲ ಗಲ್ಲ ಬಡಿದುಕೊಂಡಳು. ನಾನೂ ನೋಡಿದೆ. ತಲೆ ಬಿಳಿ ಇಲ್ಲ, ಮೈ ಇಟ್ಟಿಗೆ ಬಣ್ಣ ಇಲ್ಲ, ಬಾಲ ನೋಡಿದರೆ ಕವಲು. “ಅದು ಹದ್ದು!” ಅಂತ ಕಿರುಚಿದೆ. ಬೆನ್ನಿಗೆ ಸೋದರಮಾವನ ಏಟು ಬಿತ್ತು. “ಸುಮ್ನಿರೋ, ಇನ್ನೆಷ್ಟೊತ್ತು ಕಾಯ್ಬೇಕು?” ಅರ್ಚಕರು ಹಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು, ದೊಡ್ಡ ದನಿಯಲ್ಲಿ “ಗೋವಿಂದಾ... ಗೋವಿಂದ” ಅಂದರು. ತೇರು ಹೊರಟಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ “ಪಂಡಿತರಿಗೆ ಸಾಕು” ಎಂದು ಅರ್ಧ ಒಬ್ಬಟ್ಟು ಬಡಿಸಿದರು. ಆ ಉಳಿದರ್ಧ ಒಬ್ಬಟ್ಟನ್ನು ನಾನು ಇವತ್ತಿಗೂ ಮರೆತಿಲ್ಲ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. 1832ರಲ್ಲಿ ಕರ್ನಲ್ ಸೈಕ್ಸ್ ಅನ್ನುವವನು ನಮ್ಮ ಹದ್ದಿಗೆ ಇಟ್ಟ ಹೆಸರೇ ಗೋವಿಂದ. ವೈಜ್ಞಾನಿಕ ಹೆಸರಿನಲ್ಲಿ ಈಗಲೂ ಅದು ಮಿಲ್ವಸ್ ಮೈಗ್ರಾನ್ಸ್ ಗೋವಿಂದ. ಪಾಪ, ಗರುಡನಿಗೆ ಸಿಕ್ಕಿದ್ದು ಹಾಲಿಯಾಸ್ಟರ್ ಇಂಡಸ್, ಇಂಡಸ್ ಅಂದರೆ ಬರೀ ‘ಭಾರತದ್ದು’ ಅಂತ. ವಾಹನಕ್ಕೆ ದೇಶದ ಹೆಸರು, ಹದ್ದಿಗೆ ಸಾಕ್ಷಾತ್ ಸ್ವಾಮಿಯದು! ಅರ್ಚಕರಿಗೆ ಇದು ಮೊದಲೇ ಗೊತ್ತಿತ್ತೋ ಏನೋ.

ಇದನ್ನೆಲ್ಲ ಆ ಹುಡುಗನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಫೋಟೋ ಇದ್ಯಾ ಸಾರ್?” ಅಂದ.

ಹತ್ತು ಗಂಟೆಗೆ ತಿಂಡಿಯ ಡಬ್ಬಿಗಳು ಹೊರಬಂದವು. ಬರೀ ಹದ್ದಲ್ವಾ? ಆರೂ ಜನ ಕಾರೊಳಗೆ ಕೂತು, ಗಾಜು ಪೂರ್ತಿ ಏರಿಸಿಕೊಂಡು ಇಡ್ಲಿ ತಿಂದರು.