ಹನುಮನಿಗೂ ಮಸೀದಿಗೂ ಒಂದೇ ಕಾನೂನು

ಶುಗರ್ ಲ್ಯಾಂಡ್‌ನ ಅಷ್ಟಲಕ್ಷ್ಮಿ ದೇವಸ್ಥಾನದ 90 ಅಡಿ ಎತ್ತರದ ಹನುಮಂತನನ್ನು ಸುಳ್ಳು ದೇವರು ಎಂದು ಕರೆದು, ನಮ್ಮದು ಕ್ರೈಸ್ತ ರಾಷ್ಟ್ರ, ಇದನ್ನೇಕೆ ಇಲ್ಲಿ ಬಿಟ್ಟುಕೊಂಡಿದ್ದೇವೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಸೆನೆಟ್ ಆಕಾಂಕ್ಷಿಯೊಬ್ಬರು ಬರೆದಾಗ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪು ಹೊತ್ತಿ ಉರಿಯಿತು. ಯಾವ ಧರ್ಮವನ್ನಾದರೂ ಪಾಲಿಸುವ ಸ್ವಾತಂತ್ರ್ಯ ಕೊಡುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯನ್ನು ಎಲ್ಲರೂ ನೆನಪಿಸಿದರು. ಸರಿಯಾಗಿಯೇ ನೆನಪಿಸಿದರು.

ಅದೇ ವರ್ಷ, ಇದೇ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಆಚೆ ಮಸೀದಿ, ಶಾಲೆ, ಮನೆಗಳಿರುವ ಎಪಿಕ್ ಸಿಟಿ ಎಂಬ ಬಡಾವಣೆ ಕಟ್ಟಲು ಹೊರಟ ಮುಸ್ಲಿಮರ ಮೇಲೆ ಗವರ್ನರ್ ಅಬಟ್ ಒಂದರ ಮೇಲೊಂದು ತನಿಖೆ ಹೇರಿದ್ದರು. ಆಗ ಅದೇ ಗುಂಪಿನಲ್ಲಿ ಚಪ್ಪಾಳೆ. ಮೊದಲ ತಿದ್ದುಪಡಿ ಯಾರಿಗೂ ನೆನಪಾಗಲಿಲ್ಲ. ಕೇಂದ್ರದ ನ್ಯಾಯ ಇಲಾಖೆ ಯಾವ ಆರೋಪವನ್ನೂ ಹೊರಿಸದೆ ತನ್ನ ತನಿಖೆ ಮುಗಿಸಿದ ಸುದ್ದಿಯನ್ನೂ ಯಾರೂ ಹಾಕಲಿಲ್ಲ. ನನ್ನ ತಕರಾರು ಇಷ್ಟೇ: ನಮಗೊಂದು, ಅವರಿಗೊಂದು ಅಮೆರಿಕ ಇರಲು ಸಾಧ್ಯವಿಲ್ಲ. ಹಾಗೆ ಕೇಳಿಕೊಂಡು ಹೋದವರಿಗೆ ಏನಾಯಿತು ಎಂಬುದು ಕೋರ್ಟಿನ ದಾಖಲೆಯಲ್ಲೇ ಇದೆ.

ಭಗತ್ ಸಿಂಗ್ ಥಿಂಡ್ ಪಂಜಾಬಿನ ಸಿಖ್ಖರು, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ವಲಸೆ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಸಿಗುತ್ತಿದ್ದ ಕಾಲ ಅದು. ಈ ಕಾನೂನೇ ಅನ್ಯಾಯ ಎಂದು ಅವರ ಕಡೆಯವರು ವಾದಿಸಲಿಲ್ಲ. ತಾನು ಆರ್ಯ, ಮೇಲ್ಜಾತಿಯವ, ಆದ್ದರಿಂದ ತಾನೂ ಬಿಳಿಯ ಎಂಬುದು ಥಿಂಡ್ ಅವರ ವಾದ. ಮದುವೆಯ ವಿಷಯ ಬಂದರೆ ಅಮೆರಿಕದವರು ಕರಿಯರನ್ನು ಹೇಗೆ ದೂರ ಇಡುತ್ತಾರೋ, ಮೇಲ್ಜಾತಿಯವರು ಭಾರತದ ಮೂಲನಿವಾಸಿಗಳನ್ನು ಹಾಗೆಯೇ ದೂರ ಇಡುತ್ತಾರೆ ಎಂದೂ ಬರೆದುಕೊಟ್ಟಿದ್ದರು. ಇದನ್ನು ಓದುವಾಗ ನನಗೆ ಸಂಕಟವಾಗುತ್ತದೆ. 1923ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ವಿಜ್ಞಾನಿಗಳು ಏನಾದರೂ ಹೇಳಲಿ, ಇಲ್ಲಿನ ಸಾಮಾನ್ಯ ಮನುಷ್ಯ ನಿನ್ನನ್ನು ಬಿಳಿಯ ಎಂದು ಒಪ್ಪುವುದಿಲ್ಲ ಎಂಬುದು ಅದರ ತಾತ್ಪರ್ಯ.

ಥಿಂಡ್ ಒಬ್ಬರ ಅರ್ಜಿಯಷ್ಟೇ ಬಿದ್ದುಹೋಗಲಿಲ್ಲ. ಆಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಳ್ಳಲು ಶುರುಮಾಡಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟುಕೊಂಡಿದ್ದ ವೈಷ್ಣೋ ದಾಸ್ ಬಗಾಯಿ 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳ ಜೊತೆ ಬಂದವರು, 1921ರಲ್ಲಿ ಪೌರರಾದವರು. ಪೌರತ್ವ ಹೋದದ್ದೇ ಕ್ಯಾಲಿಫೋರ್ನಿಯಾದ ಭೂಕಾನೂನಿನಿಂದ ಆಸ್ತಿಯೂ ಹೋಯಿತು. ಊರಿಗೆ ಹೋಗಿ ಬರೋಣವೆಂದರೆ ಅಮೆರಿಕದ ಪಾಸ್‌ಪೋರ್ಟ್ ಇಲ್ಲ. ಯಾರ ಆಳ್ವಿಕೆ ಬೇಡವೆಂದು ಬಂದಿದ್ದರೋ ಆ ಬ್ರಿಟಿಷರದ್ದೇ ಪಾಸ್‌ಪೋರ್ಟ್ ತೆಗೆದುಕೊಳ್ಳಬೇಕು. 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಚಿನ್ನದ ಪಂಜರದಲ್ಲಿ ಬದುಕಿ ಏನು ಫಲ ಎಂದು ಪತ್ರ ಬರೆದಿಟ್ಟಿದ್ದರು. ಬಗಾಯಿ ಕೂಡ ಎಲ್ಲವನ್ನೂ ಕಾನೂನು ಪ್ರಕಾರವೇ ಮಾಡಿದ್ದವರು, ಇದನ್ನು ಮರೆಯಬೇಡಿ.

ನಮಗೆ ಬಾಗಿಲು ತೆರೆದದ್ದು ಬೇರೆಯವರು. ಹುಟ್ಟಿನಿಂದ ಪೌರತ್ವ ಎಂಬ ಹಕ್ಕನ್ನು 1898ರಲ್ಲಿ ಗಟ್ಟಿ ಮಾಡಿಕೊಟ್ಟದ್ದು ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನ ಮೊಕದ್ದಮೆ. ಚೀನೀಯರನ್ನು ಕಂಡರಾಗದ ಆ ದಿನಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದವನು ಹೊರದೇಶಕ್ಕೆ ಹೋಗಿ ಮರಳಿದಾಗ ಅವನನ್ನು ಹಡಗಿನಿಂದ ಇಳಿಯಲು ಬಿಡದೆ ತಡೆದಿದ್ದರು. ಇನ್ನು ನಮ್ಮ ಡಾಕ್ಟರು, ಇಂಜಿನಿಯರುಗಳ ಮೊದಲ ತಲೆಮಾರನ್ನು ಕರೆತಂದ 1965ರ ವಲಸೆ ಕಾನೂನು ಬಂದದ್ದು ಕಪ್ಪುಜನರ ನಾಗರಿಕ ಹಕ್ಕುಗಳ ಹೋರಾಟದ ಬೆನ್ನಿಗೆ. ಅವರು ಲಾಠಿ ಏಟು ತಿಂದು ಗೆದ್ದದ್ದರಲ್ಲಿ ನಮ್ಮ ಪಾಲೂ ಇದೆ.

ಗಡಿ ಕಾಯುವ ಹಕ್ಕು ಯಾವ ದೇಶಕ್ಕೂ ಇದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತವರ ಹೊಟ್ಟೆಯುರಿಯೂ ಅರ್ಥವಾಗುತ್ತದೆ. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ. 7 ಮಾತ್ರ ಎಂಬ ಮಿತಿ ನಮ್ಮವರ ಬದುಕನ್ನೇ ಅರೆದಿದೆ. ಆದರೆ ಮೊನ್ನೆ ನಮ್ಮ ಹಿರಿಯರೊಬ್ಬರು, "ನಾವು ಲೀಗಲ್ ಅಲ್ವೇನಮ್ಮ, ನಮ್ಮ ತಂಟೆಗೆ ಯಾರು ಬರ್ತಾರೆ?" ಅಂದರು. ಅವರಿಗೆ ನಾನು ಕೊಟ್ಟ ಉತ್ತರ ಒಲೇಥ ಎಂಬ ಊರಿನ ಕಥೆ. 2017ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಆ ಊರಿನ ಬಾರ್‌ನಲ್ಲಿ ಕೆಲಸ ಮುಗಿಸಿ ಕೂತಿದ್ದ ಇಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು, ನನ್ನ ದೇಶ ಬಿಟ್ಟು ತೊಲಗು ಎಂದು ಕಿರುಚಿ ಗುಂಡಿಟ್ಟು ಕೊಂದರು. ಅವರದು ಸಕ್ರಮ ಎಚ್‌1ಬಿ, ಅಂದರೆ ಕೆಲಸದ ವೀಸಾ. ಕೊಂದವನು ತಾನು ಇರಾನಿನವರನ್ನು ಹೊಡೆದೆ ಎಂದುಕೊಂಡಿದ್ದ. ಗಂಡನ ವೀಸಾದ ಮೇಲೆ ಇಲ್ಲಿದ್ದ ಹೆಂಡತಿ ಸುನಯನಾ ಅಂತ್ಯಕ್ರಿಯೆಗೆ ಭಾರತಕ್ಕೆ ಹೋದಾಗ, ಮರಳಿ ಬರುವ ಹಕ್ಕೇ ಅವರಿಗೆ ಉಳಿದಿರಲಿಲ್ಲ. ಸ್ಥಳೀಯ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರು ನಡುವೆ ಬಂದ ಮೇಲೆ ಬರಲಾಯಿತು.

2025ರ ಜನವರಿ 20ರಂದು ಟ್ರಂಪ್ ಸಹಿ ಹಾಕಿದ ಪೌರತ್ವದ ಆದೇಶವನ್ನು ಸುದ್ದಿಯ ತಲೆಬರಹ ನೋಡಿ ಬಿಟ್ಟವರು ಈಗಲಾದರೂ ಪೂರ್ತಿ ಓದಿ. ಕದ್ದು ಬಂದವರ ಮಕ್ಕಳದ್ದಷ್ಟೇ ಅಲ್ಲ, ತಾಯಿ ಎಚ್‌1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದು ತಂದೆಗೆ ಗ್ರೀನ್ ಕಾರ್ಡೂ ಪೌರತ್ವವೂ ಇಲ್ಲದಿದ್ದರೆ, ಇಲ್ಲಿ ಹುಟ್ಟಿದ ಆ ಮಗುವಿನ ಪೌರತ್ವವನ್ನೂ ನಿರಾಕರಿಸಲು ಅದು ಹೊರಟಿತು. ನಮ್ಮ ಕನ್ನಡ ಕೂಟದಲ್ಲಿ ಸೀಮಂತ ಮಾಡಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳ ಸ್ಥಿತಿ ಇದೇ. ಅದಕ್ಕೆ ಕೋರ್ಟಿನಲ್ಲಿ ಮೊದಲು ಅಡ್ಡ ನಿಂತವರಲ್ಲಿ ನಮ್ಮ ಗುಂಪಿನವರು ದಿನಾ ಬೈಯುವ ವಲಸಿಗರ ಸಂಘಟನೆಗಳೇ ಇದ್ದವು. ವೋಟು ಇರುವ ಅಣ್ಣಂದಿರು, ಅಕ್ಕಂದಿರು ಈ ವಾರವೇ ನಿಮ್ಮ ಕಾಂಗ್ರೆಸ್ ಸದಸ್ಯರ ಕಚೇರಿಗೆ ಫೋನ್ ಮಾಡಿ. ಏನು ಹೇಳಬೇಕೆಂದು ತಿಳಿಯದಿದ್ದರೆ ನನಗೆ ಮೆಸೇಜ್ ಹಾಕಿ, ಬರೆದುಕೊಡುತ್ತೇನೆ.